ಕಣ್ಣಿನ ಪೊರೆ ಆಪರೇಷನ್: ಮೊದಲು ಏನು ಮಾಡಬೇಕು, ಆಮೇಲೆ ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು

ಪೊರೆ ಆಪರೇಷನ್ ಅಂದ ಕೂಡಲೇ ಮನೆಯ ಹಿರಿಯರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಎಷ್ಟು ದಿನ ಮಲಗಿರಬೇಕು? ಏನೇನು ತಿನ್ನಬಾರದು? ಇನ್ನೂ ಹಣ್ಣಾಗಿಲ್ಲವಲ್ಲ, ಈಗಲೇ ಯಾಕೆ? ಈ ಮೂರೂ ಹಳೆಯ ಕಾಲದ ಆಪರೇಷನ್ನಿನಿಂದ ಉಳಿದುಬಂದ ಪ್ರಶ್ನೆಗಳು. ಡಾ. ಎಂ.ಸಿ. ಮೋದಿಯವರು ಊರೂರು ಸುತ್ತಿ, ಶಿಬಿರ ಹಾಕಿ ಬಡವರಿಗೆ ದೃಷ್ಟಿ ಕೊಡುತ್ತಿದ್ದ ಕಾಲದಲ್ಲಿ, ಮಬ್ಬಾಗಿ ಪೊರೆಯಾದ ಕಣ್ಣೊಳಗಿನ ಮಸೂರವನ್ನು ಇಡಿಯಾಗಿ ತೆಗೆಯುತ್ತಿದ್ದರು. ಗಾಯ ದೊಡ್ಡದು, ಅದು ಕೂಡುವವರೆಗೆ ಅಲುಗಾಡದೆ ಮಲಗಬೇಕಿತ್ತು. ಆಮೇಲೆ ಜೀವನಪೂರ್ತಿ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ.

ಈಗ ಹೆಚ್ಚಿನ ಕಡೆ ಮಾಡುವುದು ಫೇಕೋ. ಕಣ್ಣಿನ ಅಂಚಿನಲ್ಲಿ 2ರಿಂದ 3 ಮಿಲಿಮೀಟರ್ ದಾರಿ ಮಾಡಿ, ಅಲ್ಟ್ರಾಸೌಂಡ್ ಕಂಪನದಿಂದ ಮಸೂರವನ್ನು ಪುಡಿಮಾಡಿ ಹೀರಿ ತೆಗೆದು, ಮಸೂರವನ್ನು ಸುತ್ತಿದ್ದ ಅದೇ ತೆಳು ಚೀಲದೊಳಗೆ ಮಡಚಿದ ಕೃತಕ ಲೆನ್ಸನ್ನು ಬಿಡಿಸಿ ಕೂರಿಸುತ್ತಾರೆ. ಪೊರೆ ತುಂಬಾ ಗಟ್ಟಿಯಾಗಿದ್ದರೆ ಸುಮಾರು 6 ಮಿಲಿಮೀಟರ್ ಗಾಯದ ಎಸ್‌ಐಸಿಎಸ್ (ಸ್ಮಾಲ್ ಇನ್ಸಿಶನ್ ಕ್ಯಾಟರಾಕ್ಟ್ ಸರ್ಜರಿ) ವಿಧಾನ ಬಳಸುತ್ತಾರೆ. ಎರಡರಲ್ಲೂ ಸಾಮಾನ್ಯವಾಗಿ ಹೊಲಿಗೆ ಇರುವುದಿಲ್ಲ, ಒಳಗಿನ ಕೆಲಸ ಕಾಲು ಗಂಟೆಯಿಂದ ಅರ್ಧ ಗಂಟೆ, ಬಹುತೇಕರು ಅದೇ ದಿನ ಮನೆಗೆ ಬರುತ್ತಾರೆ. ಹಿಂದೆ ವಾರ್ಡಿನಲ್ಲಿ ನರ್ಸ್ ನೋಡಿಕೊಳ್ಳುತ್ತಿದ್ದ ಕೆಲಸವೆಲ್ಲ ಈಗ ಮನೆಯವರ ಪಾಲಿಗೆ ಬಂದಿದೆ. ಸರ್ಜನ್ನಿನ ಅರ್ಧ ಗಂಟೆಯ ಬಗ್ಗೆ ಚಿಂತೆ ಮಾಡುವ ನಾವು ಆಮೇಲಿನ ಒಂದೂವರೆ ತಿಂಗಳ ಬಗ್ಗೆ ಅಷ್ಟು ಯೋಚಿಸುವುದಿಲ್ಲ. ನಮ್ಮ ಮನೆಯಲ್ಲಿ ಅಪ್ಪನಿಗೂ ಅತ್ತೆಗೂ ಆಪರೇಷನ್ ಆದಾಗ ಜೊತೆಗಿದ್ದು ನೋಡಿಕೊಂಡ ಮೇಲೆ, ಈ ದಾರಿಯನ್ನು ಒಂದೊಂದೇ ಹೆಜ್ಜೆಯಾಗಿ ಬರೆದಿಡಬೇಕು ಅನ್ನಿಸಿತು. ನಿಮ್ಮ ಡಾಕ್ಟರ್ ಇದಕ್ಕಿಂತ ಬೇರೆ ಹೇಳಿದರೆ ಅವರ ಮಾತನ್ನೇ ಕೇಳಿ. ಪ್ರತಿ ಕಣ್ಣಿನ ಸ್ಥಿತಿಯೂ ಬೇರೆ.

ಯಾವಾಗ ಮಾಡಿಸಬೇಕು

"ಹಣ್ಣಾಗಲಿ" ಎಂದು ಕಾಯುವುದನ್ನು ಮೊದಲು ಬಿಡಿ. ಈಗಿನ ವಿಧಾನದಲ್ಲಿ ಪೊರೆ ಗಟ್ಟಿಯಾದಷ್ಟೂ ಅದನ್ನು ಒಡೆಯಲು ಹೆಚ್ಚು ಶಕ್ತಿ ಬೇಕು, ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ, ಪೆಟ್ಟು ಜಾಸ್ತಿ, ಚೇತರಿಕೆ ನಿಧಾನ. ತೀರಾ ಬಲಿತ ಪೊರೆ ಉಬ್ಬಿಯೋ ಸೋರಿಯೋ ಕಣ್ಣಿನ ಒತ್ತಡ ಏರಿ, ತಡೆಯಲಾಗದ ನೋವು ಬಂದು, ದೃಷ್ಟಿ ವಾಪಸ್ ಬಾರದಂತೆ ಹೋಗುವುದೂ ಉಂಟು.

ಹಾಗಂತ ಡಾಕ್ಟರ್ "ಸ್ವಲ್ಪ ಪೊರೆ ಇದೆ" ಅಂದ ಮರುದಿನವೇ ಮಲಗಬೇಕಿಲ್ಲ. ದಿನದ ಕೆಲಸಕ್ಕೆ ಅಡ್ಡಿ ಆಗುತ್ತಿದೆಯೇ ಎಂಬುದೇ ಅಳತೆ. ಬಸ್ಸಿನ ಬೋರ್ಡ್ ಹತ್ತಿರ ಬರುವವರೆಗೆ ಕಾಣುತ್ತಿಲ್ಲವೇ, ಅಕ್ಕಿಯಲ್ಲಿ ಕಲ್ಲು ಆರಿಸಲು ಆಗುತ್ತಿಲ್ಲವೇ, ರಾತ್ರಿ ಎದುರಿನ ಗಾಡಿಯ ಲೈಟು ಕಣ್ಣಿಗೆ ರಾಚುತ್ತಿದೆಯೇ, ಮೆಟ್ಟಿಲಿನ ಅಂಚು ತಿಳಿಯದೆ ಎಡವುತ್ತಿದ್ದಾರೆಯೇ? ಹೌದಾದರೆ ಕಾಲ ಬಂದಿದೆ ಎಂದೇ ಅರ್ಥ. ಮೋಸಹೋಗುವ ಒಂದು ಸಂಗತಿ ಇದೆ. ಕೆಲವು ಬಗೆಯ ಪೊರೆ ಬೆಳೆಯುವಾಗ ಹತ್ತಿರದ ನೋಟ ತಾತ್ಕಾಲಿಕವಾಗಿ ಸುಧಾರಿಸುತ್ತದೆ. ಅಜ್ಜ ಇದ್ದಕ್ಕಿದ್ದಂತೆ ಕನ್ನಡಕವಿಲ್ಲದೆ ಪೇಪರ್ ಓದತೊಡಗಿದರೆ ಮನೆಯವರಿಗೆ ಸಂತೋಷ. ಆದರೆ ಅದು ಮಸೂರ ಗಟ್ಟಿಯಾಗುತ್ತಿರುವ ಲಕ್ಷಣ, ಕಣ್ಣು ಪರೀಕ್ಷೆ ಮಾಡಿಸಿ.

ಡ್ರಾಪ್ಸ್ ಹಾಕಿ ಪೊರೆ ಕರಗಿಸುತ್ತೇವೆ ಅನ್ನುವವರನ್ನು ನಂಬಬೇಡಿ. ಜೇನುತುಪ್ಪ, ಈರುಳ್ಳಿ ರಸ, ಯಾವುದೋ ಎಲೆಯ ಹಾಲು ಇವು ಪೊರೆಯನ್ನು ತೆಗೆಯುವುದಿಲ್ಲ, ಕಣ್ಣಿಗೆ ಹುಣ್ಣು ಮಾಡಬಲ್ಲವು.

ತಪಾಸಣೆಯ ದಿನ

ಮನೆಯಲ್ಲಿ ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಚೀಟಿ ಸಮೇತ ಒಂದು ಚೀಲದಲ್ಲಿ ಹಾಕಿಕೊಂಡೇ ಹೋಗಿ. ಬಾಯಲ್ಲಿ ಹೇಳುವಾಗ ಒಂದಲ್ಲ ಒಂದು ಬಿಟ್ಟುಹೋಗುತ್ತದೆ. ಮುಖ್ಯವಾಗಿ ಎರಡು ಬಗೆಯ ಮಾತ್ರೆಗಳನ್ನು ಮರೆಯದೆ ಹೇಳಿ. ಗಂಡಸರಲ್ಲಿ ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್ ಮೊದಲನೆಯದು. ಅದನ್ನು ತೆಗೆದುಕೊಂಡವರ ಕಣ್ಣಿನ ಪಾಪೆ ಆಪರೇಷನ್ ವೇಳೆ ಸರಿಯಾಗಿ ಅಗಲವಾಗಿ ನಿಲ್ಲುವುದಿಲ್ಲ. ಹಿಂದೆ ಯಾವಾಗಲೋ ತೆಗೆದುಕೊಂಡು ಬಿಟ್ಟಿದ್ದರೂ ಹೇಳಲೇಬೇಕು, ಸರ್ಜನ್ ಮೊದಲೇ ಸಿದ್ಧರಾಗಿರುತ್ತಾರೆ. ಮೂತ್ರದ ಮಾತ್ರೆಗೂ ಕಣ್ಣಿಗೂ ಏನು ಸಂಬಂಧ ಎಂದು ಯಾರೂ ಇದನ್ನು ತಾವಾಗಿ ಹೇಳುವುದಿಲ್ಲ. ಎರಡನೆಯದು ರಕ್ತ ತೆಳುವಾಗಿಸುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಥರದವು. ಇವನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಕಣ್ಣಿಗಾಗಿ ಮಾತ್ರೆ ಬಿಟ್ಟು ಜೀವಕ್ಕೇ ಅಪಾಯ ತಂದುಕೊಳ್ಳಬಾರದು. ಇಬ್ಬರು ಡಾಕ್ಟರುಗಳೂ ಸೇರಿ ತೀರ್ಮಾನಿಸಲಿ.

ಆಸ್ಪತ್ರೆಯಲ್ಲಿ ಸಕ್ಕರೆ, ಬಿಪಿ, ಇಸಿಜಿ, ರಕ್ತ ಪರೀಕ್ಷೆ ಮಾಡುತ್ತಾರೆ. ಕಣ್ಣಿನ ಒತ್ತಡ ನೋಡುತ್ತಾರೆ, ಡ್ರಾಪ್ಸ್ ಹಾಕಿ ಪಾಪೆ ಅಗಲಿಸಿ ಹಿಂದಿನ ಪರದೆ, ಅಂದರೆ ರೆಟಿನಾ ನೋಡುತ್ತಾರೆ. ಆ ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಮಂಜು ಮಂಜು, ಗಾಡಿ ಓಡಿಸಲಾಗದು, ಜೊತೆಗೊಬ್ಬರು ಇರಲಿ. ಕೆಳರೆಪ್ಪೆಯ ಮೂಲೆಯ ಸಣ್ಣ ತೂತಿಗೆ ಮೊಂಡು ಸೂಜಿಯಿಂದ ಉಪ್ಪುನೀರು ಬಿಡುವ ಸಿರಿಂಜಿಂಗ್ ಎಂಬ ಪರೀಕ್ಷೆಗೆ ಹಲವರು ಹೆದರುತ್ತಾರೆ. ಗಂಟಲಿಗೆ ಉಪ್ಪುಪ್ಪು ಬಂದರೆ ಕಣ್ಣೀರಿನ ನಾಳ ತೆರೆದಿದೆ ಎಂದರ್ಥ. ನಾಳ ಕಟ್ಟಿಕೊಂಡು ಅಲ್ಲಿ ಕೀವು ಇದ್ದರೆ ಅದು ಕಣ್ಣೊಳಕ್ಕೆ ಹೋಗುವ ಅಪಾಯವಿದೆ, ಹಾಗಾಗಿ ಮೊದಲು ಅದನ್ನು ಸರಿಮಾಡಬೇಕು.

ಡಯಾಬಿಟಿಸ್ ಇರುವವರು ಈ ಹಂತದಲ್ಲಿ ಒಂದು ಪ್ರಶ್ನೆಯನ್ನು ನೇರವಾಗಿ ಕೇಳಿ: "ರೆಟಿನಾ ಚೆನ್ನಾಗಿದೆಯೇ, ಆಪರೇಷನ್ ಆದ ಮೇಲೆ ಎಷ್ಟು ಕಾಣಬಹುದು?" ಪೊರೆ ತೆಗೆದರೂ ಹಿಂದಿನ ಪರದೆ ಹಾಳಾಗಿದ್ದರೆ ನೋಟ ಪೂರ್ತಿ ಬರುವುದಿಲ್ಲ. ಇದು ಮೊದಲೇ ಗೊತ್ತಿದ್ದರೆ ಆಮೇಲೆ ಯಾರ ಮೇಲೂ ಬೇಸರವಾಗುವುದಿಲ್ಲ. ಕೆಮ್ಮು, ಉಬ್ಬಸ, ಗೂನು ಬೆನ್ನು, ಅಂಗಾತ ಮಲಗಿದರೆ ಉಸಿರು ಕಟ್ಟುವುದು ಇವೂ ಆ ದಿನವೇ ಹೇಳಬೇಕಾದ ಮಾತುಗಳು. ಆಪರೇಷನ್ ಟೇಬಲ್ಲಿನ ಮೇಲೆ ಅಂಗಾತ ಮಲಗಲೇಬೇಕಲ್ಲ.

ಲೆನ್ಸ್ ಯಾವುದು

ಎ-ಸ್ಕ್ಯಾನ್ ಅಥವಾ ಬಯೋಮೆಟ್ರಿ ಎಂಬ ಅಳತೆಯಿಂದ ನಿಮ್ಮ ಕಣ್ಣಿಗೆ ಎಷ್ಟು ಪವರಿನ ಲೆನ್ಸ್ ಬೇಕು ಎಂದು ಲೆಕ್ಕ ಹಾಕುತ್ತಾರೆ. ಆಮೇಲೆ ಕೌನ್ಸೆಲರ್ ಮುಂದೆ ದರಪಟ್ಟಿ ಬರುತ್ತದೆ, ಅಲ್ಲಿ ಜನ ಗಲಿಬಿಲಿಯಾಗುತ್ತಾರೆ.

ಮಾನೋಫೋಕಲ್ ಲೆನ್ಸ್ ಒಂದೇ ದೂರಕ್ಕೆ ಸರಿಹೊಂದುತ್ತದೆ. ಸಾಮಾನ್ಯವಾಗಿ ದೂರಕ್ಕೆ ಇಡುತ್ತಾರೆ, ಓದಲು ಕನ್ನಡಕ ಬೇಕು. ಮಲ್ಟಿಫೋಕಲ್ ದೂರಕ್ಕೂ ಹತ್ತಿರಕ್ಕೂ ಬರುತ್ತದೆ, ಆದರೆ ರಾತ್ರಿ ದೀಪಗಳ ಸುತ್ತ ಬಳೆಯಂಥ ಪ್ರಭೆ ಕಾಣಬಹುದು. ರಾತ್ರಿ ಗಾಡಿ ಓಡಿಸುವವರಿಗೆ, ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಅಥವಾ ರೆಟಿನಾ ತೊಂದರೆ ಇರುವವರಿಗೆ ಅದು ಹೆಚ್ಚಾಗಿ ಹೊಂದುವುದಿಲ್ಲ. ಸಿಲಿಂಡರ್ ಪವರ್, ಅಂದರೆ ಕಾರ್ನಿಯಾದ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದ ದೋಷ, ಜಾಸ್ತಿ ಇದ್ದವರಿಗೆ ಅದನ್ನು ಸರಿಪಡಿಸುವ ಟೋರಿಕ್ ಲೆನ್ಸ್. ನನ್ನ ಅಭಿಪ್ರಾಯ ಸ್ಪಷ್ಟ: ಓದುವಾಗ ಕನ್ನಡಕ ಹಾಕಿಕೊಳ್ಳಲು ಬೇಸರವಿಲ್ಲದ ಹಿರಿಯರಿಗೆ ಒಳ್ಳೆಯ ಮಾನೋಫೋಕಲ್ ಧಾರಾಳ ಸಾಕು. ದುಬಾರಿ ಲೆನ್ಸ್ ಹಾಕಿಸದಿದ್ದರೆ ಮಕ್ಕಳು ಅಪ್ಪ ಅಮ್ಮನಿಗೆ ಕಡಿಮೆ ಮಾಡಿದರು ಎಂಬ ಭಾವನೆ ಬೇಡ. ಕಣ್ಣಿನ ಬೇಕುಬೇಡ ನೋಡಿ ಆರಿಸಿ.

ಇಲ್ಲಿಯ ಲೆನ್ಸ್ ಕಳಪೆ, ಹೊರದೇಶದ್ದೇ ಆಗಬೇಕು ಎಂಬ ಮಾತೂ ಹಾಗೆಯೇ. 1992ರಲ್ಲಿ ಮದುರೈಯ ಅರವಿಂದ್ ಕಣ್ಣಾಸ್ಪತ್ರೆಯವರು ಆರೋಲ್ಯಾಬ್ ಕಟ್ಟಿ ಲೆನ್ಸುಗಳನ್ನು ಇಲ್ಲೇ ತಯಾರಿಸಲು ಶುರುಮಾಡಿದ ಮೇಲೆ ಬೆಲೆ ಬಹಳ ಇಳಿದು, ಬಡವರಿಗೂ ಕೈಗೆಟುಕಿತು. ಆ ಲೆನ್ಸುಗಳು ಇವತ್ತು ಹಲವು ದೇಶಗಳಿಗೆ ಹೋಗುತ್ತವೆ. ಹಣದ ತೊಂದರೆ ಇದ್ದರೆ ಆಪರೇಷನ್ ಮುಂದೂಡಬೇಡಿ. ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಅಡಿಯಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಲೆನ್ಸ್ ಸಮೇತ ಉಚಿತವಾಗಿ ಮಾಡುತ್ತಾರೆ, ಬೆಂಗಳೂರಿನಲ್ಲಿ ಮಿಂಟೋ ಎಂಬ ಸರ್ಕಾರಿ ಕಣ್ಣಾಸ್ಪತ್ರೆ ಇದೆ. ವಿಮೆ ಇದ್ದವರು ಪಾಲಿಸಿಯನ್ನು ಮುಂಚೆಯೇ ಓದಿಕೊಳ್ಳಿ. ಎಷ್ಟೋ ಪಾಲಿಸಿಗಳಲ್ಲಿ ಪೊರೆಗೆ ಕಾಯುವ ಅವಧಿಯೂ ಮೊತ್ತದ ಮಿತಿಯೂ ಇರುತ್ತದೆ.

ಹಿಂದಿನ ದಿನ, ಆ ದಿನ

ಹಿಂದಿನ ದಿನ ತಲೆಗೆ ಸ್ನಾನ ಮಾಡಿಸಿ, ಯಾಕೆಂದರೆ ಇನ್ನು ಕೆಲವು ದಿನ ತಲೆಗೆ ನೀರಿಲ್ಲ. ಉಗುರು ಕತ್ತರಿಸಿ. ಗಂಡಸರು ಗಡ್ಡ ಬೋಳಿಸಿಕೊಳ್ಳಲಿ. ಕಾಡಿಗೆ, ಪೌಡರ್, ತಲೆಗೆ ಎಣ್ಣೆ ಬೇಡ. ಆ್ಯಂಟಿಬಯಾಟಿಕ್ ಡ್ರಾಪ್ಸ್ ಕೊಟ್ಟಿದ್ದರೆ ಹೇಳಿದಂತೆ ಶುರುಮಾಡಿ. ಊಟದ ವಿಷಯ ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ, ಕೇಳಿ ತಿಳಿದುಕೊಳ್ಳಿ. ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನು ಖಂಡಿತ ಕೇಳಬೇಕು, ಚುಚ್ಚಿಕೊಂಡು ಉಪವಾಸ ಕೂತರೆ ಸಕ್ಕರೆ ಕುಸಿಯುತ್ತದೆ. ಬಿಪಿ ಮಾತ್ರೆಯನ್ನು ಸಾಮಾನ್ಯವಾಗಿ ತಪ್ಪಿಸಬಾರದು.

ಹಾಕಿಕೊಳ್ಳುವ ಬಟ್ಟೆ ಮುಂದೆ ಗುಂಡಿ ಇರುವಂಥದ್ದಾಗಲಿ. ತಲೆಯ ಮೇಲಿಂದ ಎಳೆಯುವ ಬನಿಯನ್, ಟೀಶರ್ಟ್ ಬಿಚ್ಚುವಾಗ ಕಣ್ಣಿಗೆ ಉಜ್ಜುತ್ತದೆ. ಸರ, ಓಲೆ, ಮೂಗುಬಟ್ಟು ಮನೆಯಲ್ಲೇ ಬಿಚ್ಚಿಟ್ಟು ಬನ್ನಿ. ಯಾವ ಕಣ್ಣು ಎಂದು ಹುಬ್ಬಿನ ಮೇಲೆ ಗುರುತು ಹಾಕುತ್ತಾರೆ. ಅದು ಸರಿಯಾದ ಕಣ್ಣಿನ ಮೇಲೇ ಇದೆಯೇ ಎಂದು ನೀವೂ ನೋಡಿ, ಸಂಕೋಚ ಬೇಡ.

ಒಳಗೆ ಕಣ್ಣು ಮರಗಟ್ಟಿಸಲು ಡ್ರಾಪ್ಸ್ ಅಥವಾ ಕಣ್ಣಿನ ಪಕ್ಕ ಇಂಜೆಕ್ಷನ್ ಕೊಡುತ್ತಾರೆ. ಕಂದು ಬಣ್ಣದ ಪೊವಿಡೋನ್ ಅಯೋಡಿನ್‌ನಿಂದ ಒರೆಸುತ್ತಾರೆ. ಸೋಂಕು ತಡೆಯುವುದರಲ್ಲಿ ಅದರ ಪಾತ್ರ ದೊಡ್ಡದು, ಸ್ವಲ್ಪ ಉರಿದರೂ ಸಹಿಸಿಕೊಳ್ಳಲಿ. ಮುಖಕ್ಕೆ ಬಟ್ಟೆ ಮುಚ್ಚುತ್ತಾರೆ, ಜೋರಾದ ಬೆಳಕು ಕಾಣುತ್ತದೆ, ಚಾಕು ಸೂಜಿ ಏನೂ ಕಾಣುವುದಿಲ್ಲ. ಕೆಮ್ಮು ಬಂದರೆ ತಲೆ ಆಡಿಸದೆ ಮೊದಲು ಬಾಯಲ್ಲಿ ಹೇಳಬೇಕು. ಇದಿಷ್ಟನ್ನು ಹಿಂದಿನ ರಾತ್ರಿ ಕೂರಿಸಿಕೊಂಡು ಹೇಳಿದರೆ ಹಿರಿಯರ ಅರ್ಧ ಹೆದರಿಕೆ ಇಳಿಯುತ್ತದೆ.

ಮನೆಗೆ ಬಂದ ಮೊದಲ ರಾತ್ರಿ ಒಂದು ಕಣ್ಣು ಮುಚ್ಚಿರಬಹುದು. ಒಂದೇ ಕಣ್ಣಲ್ಲಿ ಹೊಸಿಲು, ಮೆಟ್ಟಿಲುಗಳ ಅಂತರ ತಿಳಿಯುವುದಿಲ್ಲ. ಬಚ್ಚಲಿನ ದೀಪ ಉರಿಯುತ್ತಲೇ ಇರಲಿ, ರಾತ್ರಿ ಎದ್ದರೆ ಕೈಹಿಡಿದು ಕರೆದುಕೊಂಡು ಹೋಗಿ.

ಡ್ರಾಪ್ಸ್ ಹಾಕುವುದು

ಇಡೀ ಚೇತರಿಕೆ ನಿಂತಿರುವುದು ಇದರ ಮೇಲೆ. ಮನೆಯಲ್ಲಿ ಒಬ್ಬರು ಇದರ ಹೊಣೆ ಹೊರಬೇಕು. "ಯಾರಾದರೂ ಹಾಕುತ್ತಾರೆ" ಅಂತಾದರೆ ಯಾರೂ ಹಾಕುವುದಿಲ್ಲ. ಸಾಮಾನ್ಯವಾಗಿ ಒಂದು ಆ್ಯಂಟಿಬಯಾಟಿಕ್, ಒಂದು ಸ್ಟೀರಾಯ್ಡ್ ಇರುತ್ತದೆ. ಸ್ಟೀರಾಯ್ಡ್ ಡ್ರಾಪ್ಸನ್ನು ಮೊದಲ ವಾರ ಹೆಚ್ಚು ಸಲ ಹಾಕಿ, ವಾರವಾರ ಕಡಿಮೆ ಮಾಡುತ್ತ 4ರಿಂದ 6 ವಾರಕ್ಕೆ ಮುಗಿಸುತ್ತಾರೆ. ಈ ಇಳಿಕೆಯ ಲೆಕ್ಕ ತಪ್ಪುವುದೇ ಹೆಚ್ಚು. ದೊಡ್ಡ ಹಾಳೆಯಲ್ಲಿ ವಾರ, ಔಷಧಿ, ಹೊತ್ತು ಬರೆದು ಗೋಡೆಗೆ ಅಂಟಿಸಿ, ಹಾಕಿದ ಕೂಡಲೇ ಗೀಟು ಹಾಕಿ. ಬಾಟಲಿಗಳು ಒಂದೇ ಥರ ಕಂಡರೆ ಒಂದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ, ನೋಟ ಮಂಜಿದ್ದರೂ ಬೆರಳಿಗೆ ತಿಳಿಯುತ್ತದೆ.

ಹಾಕುವ ಕ್ರಮ ಹೀಗೆ:

1. ಸೋಪು ಹಾಕಿ ಕೈ ತೊಳೆದು, ಒಗೆದ ಬಟ್ಟೆಯಲ್ಲಿ ಒರೆಸಿಕೊಳ್ಳಿ. ಸೆರಗಿಗೆ, ಪಂಚೆಗೆ ಒರೆಸಿಕೊಂಡರೆ ತೊಳೆದದ್ದು ವ್ಯರ್ಥ.
2. ಹಾಲಿನಂತೆ ಬೆಳ್ಳಗಿರುವ ಸ್ಟೀರಾಯ್ಡ್ ಬಾಟಲಿಯನ್ನು ಚೆನ್ನಾಗಿ ಕುಲುಕಿ. ಔಷಧಿ ತಳಕ್ಕೆ ಇಳಿದಿರುತ್ತದೆ, ಕುಲುಕದಿದ್ದರೆ ಬರೀ ನೀರು ಬೀಳುತ್ತದೆ.
3. ಮಲಗಿಸಿ ಅಥವಾ ತಲೆ ಹಿಂದಕ್ಕೆ ಚೆಲ್ಲಿಸಿ, ಮೇಲೆ ನೋಡಲು ಹೇಳಿ, ಕೆಳರೆಪ್ಪೆಯನ್ನು ಕೆನ್ನೆಯ ಕಡೆಗೆ ಮೆಲ್ಲಗೆ ಎಳೆಯಿರಿ. ಗುಡ್ಡೆಯ ಮೇಲೆ ಒತ್ತಬೇಡಿ.
4. ಅಲ್ಲಾಗುವ ಜೇಬಿನಂಥ ಜಾಗಕ್ಕೆ ಒಂದೇ ಹನಿ. ಬಾಟಲಿಯ ತುದಿ ರೆಪ್ಪೆಗೂ ಬೆರಳಿಗೂ ತಾಗಬಾರದು.
5. ಕಣ್ಣು ಮೆಲ್ಲಗೆ ಮುಚ್ಚಿ ಒಂದೆರಡು ನಿಮಿಷ ಇರಲಿ. ಕೆನ್ನೆಗೆ ಇಳಿದದ್ದನ್ನು ಮಾತ್ರ ಒರೆಸಿ.
6. ಇನ್ನೊಂದು ಔಷಧಿಗೆ 5 ನಿಮಿಷ ಬಿಡಿ. ಒಟ್ಟಿಗೆ ಹಾಕಿದರೆ ಎರಡನೆಯದು ಮೊದಲನೆಯದನ್ನು ತೊಳೆದುಹಾಕುತ್ತದೆ.

ಬಾಟಲಿ ಒಡೆದ ದಿನಾಂಕ ಅದರ ಮೇಲೆ ಬರೆಯಿರಿ, ತಿಂಗಳಾದ ಮೇಲೆ ಎಸೆಯಿರಿ. ಉಳಿದ ಸ್ಟೀರಾಯ್ಡನ್ನು ಮುಂದೆ ಕಣ್ಣು ಕೆಂಪಾದಾಗ ಹಾಕಿಕೊಳ್ಳುವ ಚಾಳಿ ಬಹಳ ಅಪಾಯದ್ದು. ಡಾಕ್ಟರ್ ನಿಗಾ ಇಲ್ಲದೆ ಅದನ್ನು ಬಳಸಿದರೆ ಕಣ್ಣಿನ ಒತ್ತಡ ಏರಿ ನರವೇ ಹಾಳಾಗಬಹುದು.

ಬೆಳಗ್ಗೆ ರೆಪ್ಪೆ ಅಂಟಿಕೊಂಡಿದ್ದರೆ, ಹತ್ತಿಯನ್ನು ನೀರಲ್ಲಿ ಕುದಿಸಿ ಆರಿಸಿ, ಹಿಂಡಿ, ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಮ್ಮೆ ಒರೆಸಿ ಎಸೆಯಿರಿ. ಅದೇ ಹತ್ತಿಯಿಂದ ಮತ್ತೆ ಒರೆಸಬೇಡಿ.

ಮನೆಯೊಳಗಿನ ದಿನಗಳು

ಮಲಗಿಯೇ ಇರಬೇಕಿಲ್ಲ. ಓಡಾಡಬಹುದು, ಟಿವಿ ನೋಡಬಹುದು, ಪೇಪರ್ ಓದಬಹುದು, ಅದರಿಂದ ಕಣ್ಣು ಸವೆಯುವುದಿಲ್ಲ. ಬೇಡವಾದದ್ದು ನಾಲ್ಕೇ: ಉಜ್ಜುವುದು, ನೀರು, ಧೂಳು ಹೊಗೆ, ಭಾರ. ಹಗಲು ಕಪ್ಪು ಕನ್ನಡಕ, ಮಲಗುವಾಗ ಪ್ಲಾಸ್ಟಿಕ್ ಶೀಲ್ಡ್. ಶೀಲ್ಡನ್ನು ಕನಿಷ್ಠ ಒಂದು ವಾರ ಬಿಡಬೇಡಿ, ನಿದ್ದೆಗಣ್ಣಲ್ಲಿ ಉಜ್ಜಿಕೊಳ್ಳುವುದು ಯಾರ ಕೈಯಲ್ಲೂ ಇಲ್ಲ. ಆಪರೇಷನ್ ಆದ ಕಡೆಗೆ ಮಗ್ಗುಲಾಗಿ ಮಲಗುವುದು ಬೇಡ. ಸ್ನಾನ ಕುತ್ತಿಗೆಯಿಂದ ಕೆಳಗೆ, ಮುಖಕ್ಕೆ ಒದ್ದೆಬಟ್ಟೆ. ತಲೆಗೆ ಯಾವಾಗ ಎಂದು ಡಾಕ್ಟರನ್ನು ಕೇಳಿ, ಒಂದೆರಡು ವಾರವಂತೂ ಆಗುತ್ತದೆ. ಆಗಲೂ ತಲೆ ಹಿಂದಕ್ಕೆ ಬಾಗಿಸಿ ಬೇರೆಯವರು ನೀರು ಹಾಕಲಿ.

ನಮ್ಮ ಮನೆಗಳಲ್ಲಿ ಕೈ ಕಣ್ಣಿಗೆ ಹೋಗುವ ಕೆಲವು ಸಂದರ್ಭಗಳು ಯಾವ ಆಸ್ಪತ್ರೆಯ ಪಟ್ಟಿಯಲ್ಲೂ ಇರುವುದಿಲ್ಲ. ಮಂಗಳಾರತಿ ತೆಗೆದುಕೊಂಡು ಎರಡೂ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ತೀರ್ಥ ಕುಡಿದು ಉಳಿದದ್ದನ್ನು ಕಣ್ಣಿಗೂ ತಲೆಗೂ ಸವರಿಕೊಳ್ಳುತ್ತೇವೆ. ಅತ್ತೆಗೆ ಉಜ್ಜಬಾರದು ಎಂಬುದು ನೆನಪಿತ್ತು, ಆದರೆ ಆರತಿ ತಟ್ಟೆ ಮುಂದೆ ಬಂದಾಗ ಕೈ ತಾನಾಗಿ ಕಣ್ಣಿಗೆ ಹೊರಟಿತು, ಪಕ್ಕದಲ್ಲಿದ್ದ ನಾನು ಹಿಡಿದುಕೊಂಡೆ. ಒಂದು ತಿಂಗಳು ಕೈಯನ್ನು ಎದೆಗೆ ಮುಟ್ಟಿಸಿಕೊಳ್ಳಲಿ, ದೇವರು ಬೇಸರಿಸುವುದಿಲ್ಲ. ಒಣ ವಿಭೂತಿ, ಪುಡಿ ಕುಂಕುಮ ಉದುರಿ ಕಣ್ಣಿಗೆ ಬೀಳುತ್ತದೆ, ಅಷ್ಟು ದಿನ ಅಂಟಿಸುವ ಬೊಟ್ಟು ಸಾಕು. ಬಗ್ಗಿ ಕಾಲು ಮುಟ್ಟುವುದು, ಸಾಷ್ಟಾಂಗ ಸ್ವಲ್ಪ ದಿನ ಬೇಡ.

ಅಡುಗೆಮನೆಗೆ ಕೆಲವು ದಿನಗಳಲ್ಲಿ ಹೋಗಬಹುದು, ಆದರೆ ಒಗ್ಗರಣೆ ಬೇರೆಯವರು ಹಾಕಲಿ. ಸಿಡಿಯುವ ಸಾಸಿವೆ, ಮೆಣಸಿನಕಾಯಿ ಘಾಟಿನ ಸೀನು ಎರಡೂ ಗಾಯಕ್ಕೆ ಒಳ್ಳೆಯದಲ್ಲ. ಸೌದೆ ಒಲೆಯ ಹೊಗೆ, ಒಕ್ಕಣೆಯ ಹೊಟ್ಟು, ಕೊಟ್ಟಿಗೆ ಕೆಲಸ ಒಂದು ತಿಂಗಳು ದೂರ ಇರಲಿ. ತುಂಬಿದ ಕೊಡ, ಗ್ಯಾಸ್ ಸಿಲಿಂಡರ್ ಎತ್ತಬಾರದು. ಮಲಬದ್ಧತೆ ಇದ್ದರೆ ತಿಣುಕಲು ಬಿಡದೆ ಔಷಧಿ ಕೇಳಿ.

ಇನ್ನು ಪಥ್ಯ. ಬದನೆಕಾಯಿ ನಂಜು, ಹುಳಿ ಕೀವು ಮಾಡುತ್ತದೆ, ಮೊಟ್ಟೆ ಮೀನು ಮುಟ್ಟಬಾರದು ಎಂದು ನೆಂಟರು ಹೇಳಿಯೇ ಹೇಳುತ್ತಾರೆ. ಈ ಆಪರೇಷನ್ನಿಗೆ ಅಂಥ ಯಾವ ಪಥ್ಯವೂ ಇಲ್ಲ. ವಯಸ್ಸಾದವರಿಗೆ ಬರೀ ಗಂಜಿ ತಿಳಿಸಾರು ಕೊಟ್ಟು ನಿತ್ರಾಣ ಮಾಡುವುದರಿಂದ ಗಾಯ ಮಾಗುವುದು ತಡವಾಗುತ್ತದೆ. ಬೇಳೆ, ಸೊಪ್ಪು, ಮೊಟ್ಟೆ, ಮೀನು, ದಿನವೂ ಉಣ್ಣುವುದನ್ನೇ ಉಣ್ಣಲಿ. ಹತೋಟಿ ಬೇಕಾದದ್ದು ಸಕ್ಕರೆ ಕಾಯಿಲೆಗೆ ಮಾತ್ರ.

ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಮೊದಲ ದಿನಗಳಲ್ಲಿ ಮರಳು ಬಿದ್ದಂತೆ ಕಿರಿಕಿರಿ, ನೀರು, ಸ್ವಲ್ಪ ಕೆಂಪು, ಬೆಳಕು ಜಾಸ್ತಿ ಅನ್ನಿಸುವುದು ಇವೆಲ್ಲ ಸಹಜ. ಬಿಳಿ ಗೋಡೆ ನೀಲಿ ಛಾಯೆಯಲ್ಲಿ ಕಾಣಬಹುದು, ಇಷ್ಟು ವರ್ಷ ಹಳದಿಗಟ್ಟಿದ ಮಸೂರದ ಮೂಲಕ ನೋಡಿದವರಿಗೆ ನಿಜವಾದ ಬಣ್ಣ ಹೊಸದು. ಕಣ್ಣಿನ ಹೊರ ಅಂಚಿನಲ್ಲಿ ಕಪ್ಪು ನೆರಳು ಕಂಡರೆ ಡಾಕ್ಟರಿಗೆ ಹೇಳಿ, ಬಹುಪಾಲು ತಾನಾಗಿ ಮರೆಯಾಗುತ್ತದೆ.

ಆದರೆ ನೋವು ಕಡಿಮೆಯಾಗುವ ಬದಲು ಹೆಚ್ಚಾಗುತ್ತಿದ್ದರೆ, ನಿನ್ನೆ ಕಂಡದ್ದು ಇವತ್ತು ಮಂಜಾದರೆ, ಕೆಂಪು ಏರುತ್ತಿದ್ದರೆ, ಕೀವು ಬಂದರೆ, ರೆಪ್ಪೆ ಊದಿದರೆ ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೊರಡಿ. ಕಣ್ಣೊಳಗಿನ ಸೋಂಕು ಅಪರೂಪ. ಬಂದರೆ ಹೆಚ್ಚಾಗಿ ಮೊದಲ ವಾರದಲ್ಲೇ ಬರುತ್ತದೆ, ಆಗ ಗಂಟೆಗಳ ಲೆಕ್ಕದಲ್ಲಿ ದೃಷ್ಟಿ ಹೋಗುತ್ತದೆ. ಭಾನುವಾರ, ಹಬ್ಬ, ನಡುರಾತ್ರಿ ಎಂದು ಕಾಯಬೇಡಿ, ಮೆಡಿಕಲ್ ಶಾಪಿನಲ್ಲಿ ಬೇರೆ ಡ್ರಾಪ್ಸ್ ಕೇಳಬೇಡಿ. ಮಿಂಚು ಹೊಡೆದಂತೆ, ಕಪ್ಪು ಚುಕ್ಕೆಗಳ ಸುರಿಮಳೆಯಂತೆ, ಪಕ್ಕದಿಂದ ಪರದೆ ಇಳಿದಂತೆ ಕಂಡರೆ ರೆಟಿನಾ ಕಳಚಿಕೊಳ್ಳುತ್ತಿರಬಹುದು. ಇದು ತಿಂಗಳುಗಳ ನಂತರವೂ ಬರಬಹುದು, ಇದೂ ತುರ್ತೇ. ಆಸ್ಪತ್ರೆಯ ತುರ್ತು ನಂಬರನ್ನು ಡಿಸ್ಚಾರ್ಜ್ ಆಗುವಾಗಲೇ ಕೇಳಿ, ಮನೆಯ ಎಲ್ಲರ ಫೋನಿಗೂ ಹಾಕಿಡಿ.

ಕನ್ನಡಕ, ಇನ್ನೊಂದು ಕಣ್ಣು, ಲೇಸರ್

ನೋಟ ಚೆನ್ನಾಗಿದೆ ಅನ್ನಿಸಿದರೂ ಮರುದಿನದ, ವಾರದ, ತಿಂಗಳ ತಪಾಸಣೆ ತಪ್ಪಿಸಬೇಡಿ. ಕಣ್ಣಿನ ಪವರ್ ಸ್ಥಿರವಾಗಲು 4ರಿಂದ 6 ವಾರ ಬೇಕು, ಅದಕ್ಕೆ ಮೊದಲು ಕನ್ನಡಕ ಮಾಡಿಸಿದರೆ ದುಡ್ಡು ದಂಡ. ಗಾಡಿ ಓಡಿಸುವುದು, ಹೊಲಕ್ಕೆ ಇಳಿಯುವುದು, ಈಜುವುದು ಡಾಕ್ಟರ್ ಒಪ್ಪಿದ ಮೇಲೆಯೇ. ಇನ್ನೊಂದು ಕಣ್ಣಿಗೆ ಮೊದಲನೆಯದು ಮಾಗುವವರೆಗೆ ಕಾದು ದಿನ ಕೊಡುತ್ತಾರೆ. ನಡುವೆ ಎರಡು ಕಣ್ಣಿಗೂ ಹೊಂದಾಣಿಕೆ ಇಲ್ಲದೆ ತಲೆ ಭಾರವಾಗುವುದುಂಟು.

ತೆಗೆದ ಪೊರೆ ಮತ್ತೆ ಬೆಳೆಯುವುದಿಲ್ಲ. ಆದರೆ ಕೆಲವರಿಗೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಲೆನ್ಸ್ ಕೂರಿಸಿದ ಚೀಲದ ಹಿಂಭಾಗ ಮಬ್ಬಾಗಿ, ಮೊದಲಿನಂತೆಯೇ ಮಂಜು ಬರುತ್ತದೆ. "ಆಪರೇಷನ್ ಕೆಟ್ಟಿತು" ಎಂದು ಸುಮ್ಮನೆ ಕೂತುಬಿಡುವ ಹಿರಿಯರಿದ್ದಾರೆ. ಯಾಗ್ ಲೇಸರ್ ಎಂಬ ಕೆಲವೇ ನಿಮಿಷದ, ನೋವಿಲ್ಲದ ಚಿಕಿತ್ಸೆಯಿಂದ ಆ ಮಬ್ಬಿನ ನಡುವೆ ಕಿಂಡಿ ಮಾಡಿ ನೋಟ ತರಿಸುತ್ತಾರೆ, ಅಡ್ಮಿಟ್ ಆಗಬೇಕಿಲ್ಲ. ಆಗ ಹೋಗುವಾಗಲೂ, ಇನ್ನೊಂದು ಕಣ್ಣಿಗೆ ಹೋಗುವಾಗಲೂ, ಲೆನ್ಸಿನ ಹೆಸರು ಮತ್ತು ಪವರ್ ಇರುವ ಸ್ಟಿಕರ್ ಅಂಟಿಸಿದ ಕಾರ್ಡನ್ನು ಜೊತೆಗೆ ಕೊಂಡೊಯ್ಯಿರಿ. ಡಿಸ್ಚಾರ್ಜ್ ದಿನವೇ ಅದರ ಫೋಟೋ ತೆಗೆದು ಮಕ್ಕಳಿಗೆಲ್ಲ ಕಳಿಸಿಡಿ.